ನೈಟ್ರೋ ಕಾರಿನ ಹೆಡ್ ಎಷ್ಟು ಬಿಸಿ ಇರಬೇಕು? ಗನ್ ತೋರಿಸಿದ್ದೆಲ್ಲ ನಿಜವಾ?

ಪ್ರಶ್ನೆ: ನಾನು ಕಾಸರಗೋಡಿನ ನೀರ್ಚಾಲಿನವನು. ದುಬೈಯಲ್ಲಿರುವ ಮಾವ ಈ ಸಲ ಊರಿಗೆ ಬರುವಾಗ 1:8 ಅಳತೆಯ ನೈಟ್ರೋ ಬಗ್ಗಿ, ಅಂದರೆ ನೈಟ್ರೋ ಇಂಧನದ ಪುಟ್ಟ ಇಂಜಿನ್ ಇರುವ ರಿಮೋಟ್ ಕಾರು, ತಂದುಕೊಟ್ಟರು. ಇಂಜಿನ್ 3.5 ಸಿಸಿ. ಹೆಡ್ (ಇಂಜಿನ್ನಿನ ಮೇಲ್ಭಾಗ) ಎಷ್ಟು ಬಿಸಿ ಅಂತ ನೋಡಲು ಆನ್‌ಲೈನಲ್ಲಿ ಒಂದು ಟೆಂಪರೇಚರ್ ಗನ್ ತರಿಸಿದೆ. ಅದು ಒಮ್ಮೆ 84 ತೋರಿಸುತ್ತದೆ, ಐದು ಸೆಕೆಂಡ್ ಬಿಟ್ಟು ಹಿಡಿದರೆ 121. ಮಂಗಳೂರಿನ ಗೆಳೆಯ 220 ಇರಬೇಕು ಅನ್ನುತ್ತಾನೆ. 84 ನೋಡಿ ತುಂಬ ತಣ್ಣಗಿದೆ ಅಂತ ನೀಡಲ್ (ಇಂಜಿನ್ನಿಗೆ ಹೋಗುವ ಇಂಧನ ಹೆಚ್ಚು ಕಮ್ಮಿ ಮಾಡುವ ಸ್ಕ್ರೂ) ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಂದೆ. ಈಗ ಹೊಗೆ ಬರುವುದಿಲ್ಲ. ಒಂದೆರಡು ಸುತ್ತು ಭಾರೀ ಜೋರಾಗಿ ಓಡುತ್ತದೆ, ಆಮೇಲೆ ತಟ್ಟನೆ ನಿಲ್ಲುತ್ತದೆ. ಬಿಸಿ ಇರುವಾಗ ಸ್ಟಾರ್ಟ್ ಆಗುವುದೇ ಇಲ್ಲ. ಯಾವ ನಂಬರ್ ನಂಬಲಿ? ಕಾರಿಗೇ ಸೆನ್ಸರ್ ಕಟ್ಟಬೇಕಾ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಹೈ ಸ್ಪೀಡ್ ನೀಡಲನ್ನು, ಅಂದರೆ ಜೋರು ಓಟದ ಇಂಧನ ನಿಯಂತ್ರಿಸುವ ಸ್ಕ್ರೂವನ್ನು, ಬಿಚ್ಚುವ ಕಡೆಗೆ ಕಾಲು ಸುತ್ತು ತಿರುಗಿಸಿ ಬನ್ನಿ. ಹೊಗೆ ಬಿಡದೆ ಜೋರಾಗಿ ಓಡಿ ತಟ್ಟನೆ ನಿಲ್ಲುವ ನೈಟ್ರೋ ಇಂಜಿನ್‌ಗೆ ಎಣ್ಣೆ ಸಾಲುತ್ತಿಲ್ಲ ಅಂತ ಅರ್ಥ. ನಮ್ಮ ಮಾತು ಮುಗಿಯುವವರೆಗೆ ಅದು ಕಾಯುವುದಿಲ್ಲ.

ಆಯ್ತಾ? ಇನ್ನು ಆ 220ರ ವಿಷಯ. ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ. ಈ ಹವ್ಯಾಸದ ಮಾತೆಲ್ಲ ಅಮೆರಿಕದವರ ಫ್ಯಾರನ್‌ಹೀಟ್‌ನಲ್ಲಿ ನಡೆಯುತ್ತದೆ. ಅವನ 220 ಅಂದರೆ ನಿಮ್ಮ ಗನ್ನಿನ 104 ಸೆಲ್ಸಿಯಸ್. ಸಾಮಾನ್ಯವಾಗಿ ಹೇಳುವ ಲೆಕ್ಕ, ಹೆಡ್ಡಿನ ನಡುವೆ ಕೂತು ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಹತ್ತಿರ ಅಳೆದರೆ 200ರಿಂದ 270 ಫ್ಯಾರನ್‌ಹೀಟ್, ಅಂದರೆ 93ರಿಂದ 132 ಸೆಲ್ಸಿಯಸ್. ಹೆಚ್ಚಿನ ಇಂಜಿನ್‌ಗಳು 105ರಿಂದ 120ರ ಒಳಗೆ ಖುಷಿಯಾಗಿ ಓಡುತ್ತವೆ. 130 ದಾಟಿದರೆ ನಾನು ಕಾರನ್ನು ಹತ್ತಿರ ಕರೆಸಿಕೊಳ್ಳುತ್ತೇನೆ. 140 ಕಂಡರೆ ಆಫ್, ಮಾತಿಲ್ಲ. ಗನ್ನಿನ ಪಕ್ಕದಲ್ಲಿ ಸಿ ಮತ್ತು ಎಫ್ ಬದಲಿಸುವ ಬಟನ್ ಇರುತ್ತದೆ. ಒಂದನ್ನು ಆರಿಸಿ, ಅದರಲ್ಲೇ ಇರಿ.

ಹೀಗೆ ನಂಬರ್ ಕೊಟ್ಟದ್ದೂ ಒಂದು ತಪ್ಪೇ. ಯಾಕೆಂದರೆ ನಿಮ್ಮ ಗನ್ 110 ಅಂದಾಗ ನಿಜವಾಗಿ 110 ಇದೆಯಾ ಅಂತಲೇ ನಮಗೆ ಗೊತ್ತಿಲ್ಲ.

ಅಡುಗೆಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಹೊರಮೈ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ. ಒಲೆ ಆರಿಸಿ, ಪಾತ್ರೆಯ ಬದಿಗೆ ಗನ್ ಹಿಡಿಯಿರಿ. ಒಳಗೆ ಆಗಷ್ಟೇ ಕೊತಕೊತ ಕುದಿದ ನೀರು. ಗನ್ ಮಾತ್ರ ನಲವತ್ತೋ ಐವತ್ತೋ ತೋರಿಸಿ ಸುಮ್ಮನಾಗುತ್ತದೆ. ಈಗ ಅದೇ ಜಾಗಕ್ಕೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಎರಡಿಂಚು ಅಂಟಿಸಿ, ಅರ್ಧ ನಿಮಿಷ ಬಿಟ್ಟು ಟೇಪಿನ ಮೇಲೆ ಹಿಡಿಯಿರಿ. ನಂಬರ್ ಒಮ್ಮೆಲೇ ತೊಂಬತ್ತರ ಹತ್ತಿರ ಹಾರುತ್ತದೆ. ಪಾತ್ರೆ ಅದೇ, ನೀರು ಅದೇ. ಬದಲಾದದ್ದು ಗನ್ ನೋಡಿದ ಮೈ ಮಾತ್ರ.

ಗನ್ ಅಳೆಯುವುದು ಆ ಕೆಂಪು ಲೇಸರ್ ಚುಕ್ಕಿಯಿಂದ ಅಲ್ಲ. ಚುಕ್ಕಿ ಇರುವುದು ಗುರಿ ಹಿಡಿಯಲು. ಬಿಸಿ ವಸ್ತು ಹೊರಗೆ ಬಿಡುವ ಇನ್‌ಫ್ರಾರೆಡ್ ಕಿರಣವನ್ನು ಗನ್ ಹಿಡಿದು ಲೆಕ್ಕ ಹಾಕುತ್ತದೆ. ಮಸಿ ಹಿಡಿದ ಅನ್ನದ ಪಾತ್ರೆ ಅದನ್ನು ಧಾರಾಳವಾಗಿ ಬಿಡುತ್ತದೆ. ಹೊಳೆಯುವ ಲೋಹ ಜಿಪುಣ. ತನ್ನ ಬಿಸಿಯನ್ನು ಒಳಗೇ ಇಟ್ಟುಕೊಂಡು, ಎದುರಿನ ಗೋಡೆಯ ಬಿಸಿಯನ್ನು ಕನ್ನಡಿ ಹಾಗೆ ವಾಪಸ್ ತೋರಿಸುತ್ತದೆ. ಕಡಿಮೆ ಬೆಲೆಯ ಹೆಚ್ಚಿನ ಗನ್‌ಗಳು ಎದುರಿಗಿರುವ ಎಲ್ಲವನ್ನೂ ಮಸಿ ಪಾತ್ರೆ ಅಂತಲೇ ತಿಳಿದು ಲೆಕ್ಕ ಹಾಕುತ್ತವೆ. ಎಮಿಸಿವಿಟಿ 0.95 ಅಂತ ಅದರ ಮೇಲೆ ಬರೆದದ್ದು ಇದನ್ನೇ. ನಿಮ್ಮ ಹೊಸ ಬಗ್ಗಿಯ ಹೆಡ್ ಬೆಳ್ಳಿಯ ಹಾಗೆ ಹೊಳೆಯುವ ಅಲ್ಯೂಮಿನಿಯಂ ಆಗಿದ್ದರೆ, 84 ಅಂದಾಗ ಅದು 84 ಆಗಿರುವ ಸಾಧ್ಯತೆ ತೀರಾ ಕಮ್ಮಿ. ಬಣ್ಣ ಕೊಟ್ಟ ಆನೊಡೈಸ್ಡ್ ಹೆಡ್ ಆದರೆ ಪರವಾಗಿಲ್ಲ, ಇಷ್ಟು ಮೋಸ ಮಾಡುವುದಿಲ್ಲ.

ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಜ್ವರ ನೋಡುವ ಗನ್ ಇದಕ್ಕೆ ಆಗುವುದಿಲ್ಲ. ಇಂಜಿನ್ನಿನ ಬಿಸಿ ಅಳೆಯಲು ಮಾಡಿದ್ದಲ್ಲ ಅದು. ಒಬ್ಬರು ಅದನ್ನೇ ಹಿಡಿದುಕೊಂಡು ಬಂದಿದ್ದರು, ಅದಕ್ಕೆ ಹೇಳಿದೆ.

ಎರಡನೆಯ ಎಡವಟ್ಟು ದೂರದ್ದು. ಗನ್ ಮೇಲೆ 12:1 ಅಂತ ಇದ್ದರೆ, 30 ಸೆಂಟಿಮೀಟರ್ ದೂರದಲ್ಲಿ ಅದು ಎರಡೂವರೆ ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿ ತೆಗೆಯುತ್ತದೆ. ನಮಗೆ ಬೇಕಾದ ಪ್ಲಗ್ಗಿನ ತಲೆ ಒಂದು ಸೆಂಟಿಮೀಟರ್ ಕೂಡ ಇಲ್ಲ. ಅಂದರೆ ನಿಂತಲ್ಲಿಂದಲೇ ಗನ್ ಹಿಡಿದರೆ ಪ್ಲಗ್, ಹೆಡ್ಡಿನ ಬಿಸಿ ಹೊರಬಿಡುವ ಪಟ್ಟಿಗಳಾದ ಫಿನ್, ಫಿನ್ನಿನ ಸಂದಿನಲ್ಲಿ ಕಾಣುವ ಚಾಸಿಸ್, ಎಲ್ಲ ಸೇರಿದ ಕಲಸುಮೇಲೋಗರ ಒಂದು ನಂಬರ್ ಆಗಿ ಬರುತ್ತದೆ. ಕೈ ಚೂರು ಅಲುಗಿದರೆ ಇನ್ನೊಂದು ನಂಬರ್. ನಿಮ್ಮ 84 ಮತ್ತು 121ರ ನಡುವೆ ಇಂಜಿನ್ ಏನೂ ಮಾಡಿರಲಿಕ್ಕಿಲ್ಲ, ನಿಮ್ಮ ಕೈ ಮಾಡಿದ್ದು.

ಹಾಗಾದರೆ ಹೇಗೆ? ಬೈಕಿನ ಸೈಲೆನ್ಸರ್‌ಗೆ ಹೊಡೆಯುವ, ಬಿಸಿ ತಾಳುವ ಹೊಳಪಿಲ್ಲದ ಕಪ್ಪು ಪೇಂಟ್ ಸಿಗುತ್ತದೆ. ಪ್ಲಗ್ ಕೂರುವ ಗುಂಡಿಯ ಒಳಗೆ, ಪ್ಲಗ್ಗಿನ ಪಕ್ಕದ ಸಮತಟ್ಟು ಜಾಗಕ್ಕೆ ಸಣ್ಣ ಬ್ರಷ್ಷಲ್ಲಿ ಒಂದು ಚುಕ್ಕೆ ಹಚ್ಚಿ. ಪ್ಲಗ್ ಹಾಕಿಕೊಂಡೇ ಹಚ್ಚಿ, ಥ್ರೆಡ್ಡಿಗೆ ಹೋಗಬಾರದು. ಪ್ರತಿ ಸಲ ಗನ್ನನ್ನು ನೇರ ಮೇಲಿನಿಂದ, ನಾಲ್ಕು ಬೆರಳಿನ ಎತ್ತರದಲ್ಲಿ, ಅದೇ ಚುಕ್ಕೆಗೆ ಹಿಡಿಯಿರಿ. ಇಷ್ಟು ಹತ್ತಿರದಲ್ಲಿ ಲೇಸರ್ ಚುಕ್ಕಿ ಒಂದು ಕಡೆ, ಗನ್ ನಿಜವಾಗಿ ನೋಡುವುದು ಇನ್ನೊಂದು ಕಡೆ ಇರುತ್ತದೆ. ಹಾಗಾಗಿ ಟ್ರಿಗರ್ ಒತ್ತಿಕೊಂಡೇ ಸ್ವಲ್ಪ ಅತ್ತ ಇತ್ತ ಆಡಿಸಿ, ಸಿಕ್ಕ ದೊಡ್ಡ ನಂಬರನ್ನು ಬರೆದುಕೊಳ್ಳಿ. ಮ್ಯಾಕ್ಸ್ ಅಂತ ಮೋಡ್ ಇದ್ದರೆ ಆ ಕೆಲಸ ಅದೇ ಮಾಡುತ್ತದೆ.

ಸಮಯವೂ ಮುಖ್ಯ. ನಾಲ್ಕೈದು ಸುತ್ತು ಪೂರ್ತಿ ಜೋರಾಗಿ ಓಡಿಸಿ, ನೇರ ಕೈಗೆ ತಂದು ಕೂಡಲೇ ನೋಡಬೇಕು. ಕಾರು ನಿಲ್ಲಿಸಿ, ಗೆಳೆಯನ ಹತ್ತಿರ ಎರಡು ಮಾತಾಡಿ, ಆಮೇಲೆ ನೋಡಿದರೆ ಅದು ಬೇರೆಯೇ ಕತೆ. ಐಡಲಲ್ಲಿ ಹೊಗೆ ಉಗುಳುತ್ತಾ ನಿಂತ ಇಂಜಿನ್ ತಣಿಯುತ್ತದೆ. ಆಫ್ ಮಾಡಿ ಗಾಳಿ ಇಲ್ಲದೆ ಕೂತದ್ದು ಸ್ವಲ್ಪ ಹೊತ್ತು ಏರಲೂಬಹುದು.

ಈಗ ನಿಮ್ಮ ನೀಡಲ್ ಕತೆಗೆ ಬರೋಣ. ನಿಮ್ಮ ಕಡೆ ಅಡಿಕೆ ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ನೋಡಿರುತ್ತೀರಿ. ಪೆಟ್ರೋಲಿಗೆ ಟೂ-ಟಿ ಆಯಿಲ್ ಕಲಸಿ ಹಾಕುತ್ತಾರೆ. ಆಯಿಲ್ ಮರೆತು ಬರೀ ಪೆಟ್ರೋಲ್ ಹಾಕಿದವರ ಮೆಷಿನ್ ಮಧ್ಯಾಹ್ನದೊಳಗೆ ಜಾಮ್ ಆಗಿ ರಿಪೇರಿ ಅಂಗಡಿಗೆ ಬಂದಿರುತ್ತದೆ. ನೈಟ್ರೋ ಕಾರಿನದ್ದೂ ಟೂ ಸ್ಟ್ರೋಕೇ. ಅದರ ಇಂಧನ ಮೆಥನಾಲ್, ನೈಟ್ರೋಮೀಥೇನ್, ಮತ್ತು ಹರಳೆಣ್ಣೆಯೋ ಸಿಂಥೆಟಿಕ್ಕೋ ಅಥವಾ ಎರಡೂ ಸೇರಿದ ಎಣ್ಣೆ. ಎಣ್ಣೆ ಒಳಗೆ ಹೋಗಲು ಬೇರೆ ದಾರಿ ಇಲ್ಲ. ನೀಡಲ್ ಬಿಗಿ ಮಾಡಿದರೆ ಇಂಧನದ ಜೊತೆ ಎಣ್ಣೆಯೂ ಕಮ್ಮಿಯಾಗುತ್ತದೆ.

ಅಷ್ಟೇ ಅಲ್ಲ. ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿಯನ್ನು ಹೀರಿಕೊಳ್ಳುತ್ತದೆ. ಸ್ಪಿರಿಟ್ ಕೈಗೆ ಬಿದ್ದರೆ ಚಳಿ ಚಳಿ ಆಗುತ್ತದಲ್ವಾ, ಹಾಗೆ. ಈ ಇಂಜಿನ್ ಒಳಗಿನಿಂದಲೇ ತನ್ನ ಇಂಧನದಿಂದ ತಣ್ಣಗಾಗುತ್ತಾ ಇರುತ್ತದೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ಹದಿನಾಲ್ಕೂ ಮುಕ್ಕಾಲು ಭಾಗ ಗಾಳಿ ಬೇಕು, ಮೆಥನಾಲಿಗೆ ಆರೂವರೆಗಿಂತ ಕಮ್ಮಿ ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಜಾಸ್ತಿ ಇಂಧನ ಒಳಗೆ ಹೋಗುತ್ತದೆ. ಟ್ಯಾಂಕ್ ಏಳೆಂಟು ನಿಮಿಷಕ್ಕೆ ಖಾಲಿಯಾಗುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಅದರಲ್ಲಿ ಒಂದು ಪಾಲು ಹೆಡ್ ತಣಿಸುವ ಸಂಬಳ.

ಆದ್ದರಿಂದ ನೀಡಲ್ ತಿರುಗಿಸುವಾಗ ಮೊದಲು ನೋಡಬೇಕಾದ್ದು ಹೊಗೆ. ಪೂರ್ತಿ ಥ್ರಾಟಲಲ್ಲಿ ನೇರ ಓಡುವಾಗ ಹಿಂದೆ ತೆಳ್ಳಗೆ ನೀಲಿ-ಬಿಳಿ ಗೆರೆ ಕಾಣಲೇಬೇಕು. ಆಮೇಲೆ ಶಬ್ದ. ರಿಚ್ ಇದ್ದರೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿ ಇದ್ದರೆ, ಗಂಟಲು ಕಟ್ಟಿದ ಹಾಗೆ ಬುರಬುರ ಅನ್ನುತ್ತದೆ. ನೀಡಲ್ ಬಿಗಿಯಾಗುತ್ತಾ ಹೋದಂತೆ ಸ್ವರ ತಿಳಿಯಾಗುತ್ತದೆ, ಇನ್ನೂ ಬಿಗಿ ಮಾಡಿದರೆ ಸೊಳ್ಳೆಯ ಹಾಗೆ ಚೀರುತ್ತದೆ. ಚೀರುವ ಹಂತದಲ್ಲೇ ಕಾರು ಅತಿ ಜೋರು ಓಡುವುದು, ಅದೇ ಇದರ ಆಮಿಷ. ನೀವು ಬಿದ್ದದ್ದೂ ಅಲ್ಲೇ. ತಿಳಿಸ್ವರ ಸಿಕ್ಕ ಜಾಗದಿಂದ ಗಡಿಯಾರದ ಒಂದು ಗಂಟೆಯಷ್ಟು, ಅಂದರೆ ಸುತ್ತಿನ ಹನ್ನೆರಡನೇ ಒಂದು ಪಾಲು, ಬಿಚ್ಚುವ ಕಡೆಗೆ ಬನ್ನಿ. ಅಲ್ಲಿ ನಿಲ್ಲಿಸಿ ಗನ್ ಹಿಡಿಯಿರಿ. ಬಂದ ನಂಬರ್ 108 ಇರಲಿ, 117 ಇರಲಿ, ಅದು ನಿಮ್ಮ ಇಂಜಿನ್ನಿನ, ನಿಮ್ಮ ಗನ್ನಿನ, ನಿಮ್ಮ ಕಪ್ಪು ಚುಕ್ಕೆಯ ನಂಬರ್. ಪುಸ್ತಕದಲ್ಲಿ ಬರೆದಿಡಿ. ನಾಳೆ ಅದರಿಂದ ಹತ್ತು ಡಿಗ್ರಿ ಮೇಲೆ ಹೋದರೆ ಏನೋ ಬದಲಾಗಿದೆ ಅಂತ ತಿಳಿಯಿರಿ. ಮಂಗಳೂರಿನ ಗೆಳೆಯನ ನಂಬರ್ ಅವನಿಗಿರಲಿ.

ಗನ್ ಇಲ್ಲದ ಕಾಲದ ಒಂದು ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಹೆಡ್ ಮೇಲೆ ಒಂದೇ ಒಂದು ಹನಿ ನೀರು ಬಿಡಿ. ಕಾವಲಿ ಮೇಲೆ ಬಿದ್ದ ಹಾಗೆ ಚುರ್ ಅಂತ ಹಾರಿಹೋದರೆ ಜಾಸ್ತಿ ಬಿಸಿ. ಗುಳ್ಳೆ ಕಟ್ಟಿ ಮೂರ್ನಾಲ್ಕು ಸೆಕೆಂಡಲ್ಲಿ ಆರಿದರೆ ಸರಿ. ಹನಿ ಹಾಗೇ ಕೂತರೆ ನೂರಕ್ಕಿಂತ ಎಷ್ಟೋ ಕೆಳಗಿದೆ. ಹೊಳಪಿನ ಮೋಸ ನೀರಿಗೆ ಗೊತ್ತಿಲ್ಲ ನೋಡಿ, ಹಾಗಾಗಿ ಗನ್ ಸರಿ ಹೇಳುತ್ತಿದೆಯಾ ಅಂತ ಪರೀಕ್ಷಿಸಲೂ ಇದು ಆಗುತ್ತದೆ. ಒಂದು ಹನಿ ಅಂದೆ, ಬಾಟ್ಲಿ ಅಲ್ಲ.

ಗನ್ ಸರಿಯಾಗಿದ್ದೂ ಇಂಜಿನ್ ಕಳೆದುಕೊಂಡವನು ನಾನು. ನಮ್ಮ ಕರಾವಳಿಯ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಗಾಯಿತು. ಅಕ್ಟೋಬರಿನ ಒಂದು ಮಧ್ಯಾಹ್ನ, ಮೈಯೆಲ್ಲ ಅಂಟುವ ಸೆಕೆಯಲ್ಲಿ, ಬದಿಯಡ್ಕದ ಹತ್ತಿರ ಒಂದು ಮುರಕಲ್ಲಿನ ಹಾಸಿನ ಮೇಲೆ ಟ್ಯೂನ್ ಮಾಡಿದ್ದೆ. ಗನ್ನಿನಲ್ಲಿ 108. ಹೊಗೆ ಚೆನ್ನಾಗಿತ್ತು. ಡಿಸೆಂಬರ್ ಕೊನೆಗೆ ಬೆಳಗ್ಗೆ ಏಳು ಗಂಟೆಗೆ ಅದೇ ಜಾಗಕ್ಕೆ ಹೋದೆ. ಪೂರ್ವದಿಂದ ಒಣ ಗಾಳಿ, ಶರ್ಟಿನ ಮೇಲೆ ಸ್ವೆಟರ್. ನೀಡಲ್ ಮುಟ್ಟಲಿಲ್ಲ. ಗನ್ ಹಿಡಿದೆ, ಅದೇ 108. ಹೊಗೆ ಕಮ್ಮಿ ಅನಿಸಿತು, ಬೆಳಗಿನ ಬೆಳಕಿಗೆ ಕಾಣುತ್ತಿಲ್ಲ ಅಂದುಕೊಂಡೆ. ಮೂರನೇ ಸುತ್ತಿನ ಕೊನೆಗೆ ಚೀರಿತು. ಇಂಜಿನ್ ಹಿಡಿದುಕೊಂಡು ತಟ್ಟನೆ ನಿಂತಿತು, ಕಾರು ಉರುಳಿಕೊಂಡು ಹೋಗಿ ಹುಲ್ಲಿಗೆ ಬಿತ್ತು. ಮನೆಗೆ ಬಂದು ಬಿಚ್ಚಿದೆ. ಪಿಸ್ಟನ್ನಿನ ಒಂದು ಬದಿಯಲ್ಲಿ ಉಗುರಲ್ಲಿ ಗೀರಿದ ಹಾಗೆ ಮೇಲಿನಿಂದ ಕೆಳಗೆ ಗೆರೆಗಳು. ಗ್ಲೋ ಪ್ಲಗ್ಗಿನ ಸುರುಳಿ ತಂತಿ ಒಂದು ಕಡೆಗೆ ವಾಲಿತ್ತು.

ಆದದ್ದು ಇಷ್ಟೇ. ಸೆಕೆಯ ಗಾಳಿಯಲ್ಲಿ ನೀರಾವಿ ಜಾಸ್ತಿ, ಅದು ಆಮ್ಲಜನಕದ ಜಾಗ ಹಿಡಿದಿರುತ್ತದೆ. ಬಿಸಿ ಗಾಳಿ ತೆಳುವೂ ಹೌದು. ಅಲ್ಲಿಗೆ ಹೊಂದುವ ನೀಡಲ್ ತಂಪು ಒಣ ಗಾಳಿಗೆ ಬಿಗಿಯಾಗುತ್ತದೆ. ಗಾಳಿ ಜಾಸ್ತಿ ಬಂತು, ಇಂಧನ ಅಷ್ಟೇ ಉಳಿಯಿತು. ಒಳಗೆ ಬಿಸಿ ಏರುತ್ತಿತ್ತು, ಹೊರಗೆ ಅದೇ ತಂಪು ಗಾಳಿ ಫಿನ್‌ಗಳನ್ನು ತಣಿಸುತ್ತಿತ್ತು. ಒಂದಕ್ಕೊಂದು ಸರಿಹೋಗಿ ಗನ್ನಿನಲ್ಲಿ 108 ಬಂತು. ಹೊಗೆ ಸತ್ಯ ಹೇಳಿತ್ತು, ನಾನು ಕೇಳಲಿಲ್ಲ. ಹಾಗಾಗಿ ಸೆಕೆಯಲ್ಲಿ ಮಾಡಿದ ಟ್ಯೂನನ್ನು ಚಳಿಗೆ ಒಯ್ಯುವಾಗ ಮೊದಲು ಒಂದು ಗಂಟೆ, ಎರಡು ಗಂಟೆಯಷ್ಟು ಬಿಚ್ಚಿ ಶುರು ಮಾಡಿ. ಚಳಿಯದ್ದನ್ನು ಸೆಕೆಗೆ ಒಯ್ದರೆ ಇಷ್ಟು ಅಪಾಯ ಇಲ್ಲ, ಇಂಜಿನ್ ಬರೀ ಬುರಬುರ ಅನ್ನುತ್ತದೆ.

ನೀಡಲ್ ಸರಿ ಇದ್ದೂ ಬಿಸಿ ಏರಿದರೆ? ಮತ್ತೆ ನೀಡಲ್ಲಿಗೇ ಕೈ ಹಾಕಬೇಡಿ. ನಮ್ಮ ಕೆಂಪು ಮಣ್ಣಿನ ಧೂಳು ಎಣ್ಣೆಗೆ ಅಂಟಿ ಫಿನ್ ಸಂದಿನಲ್ಲಿ ಗಾರೆ ಹಾಗೆ ಕೂರುತ್ತದೆ. ಹಳೆ ಟೂತ್‌ಬ್ರಷ್ ತೆಗೆದುಕೊಳ್ಳಿ. ಬಾಡಿಯ ಕಿಟಕಿ ಕತ್ತರಿಸದೆ ಹಾಗೇ ಬಿಟ್ಟಿದ್ದರೆ ಒಳಗೆ ಗಾಳಿ ಆಡುವುದಿಲ್ಲ. ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದೆಯಾ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಐಡಲ್ ತನ್ನಷ್ಟಕ್ಕೆ ಏರುತ್ತಾ ಇಳಿಯುತ್ತಾ ಇದ್ದರೆ ಎಲ್ಲೋ ಗಾಳಿ ಸೋರಿಕೆ ಉಂಟು. ಕಾರ್ಬೊರೇಟರ್ ಬುಡದ ಓ-ರಿಂಗ್, ಹಿಂದಿನ ಪ್ಲೇಟ್, ಇಂಧನದ ಪೈಪಿನ ಸಣ್ಣ ತೂತು, ಈ ಮೂರನ್ನು ಮೊದಲು ನೋಡಿ. ಸೋರಿಕೆ ಇರುವ ಇಂಜಿನ್ನನ್ನು ಟ್ಯೂನ್ ಮಾಡಲು ಹೊರಟರೆ ಮಾರಾಯ್ರೇ, ಸಂಜೆಯಾದರೂ ಮುಗಿಯುವುದಿಲ್ಲ. ಏರ್ ಫಿಲ್ಟರಿನ ಫೋಮ್‌ಗೆ ಫಿಲ್ಟರ್ ಎಣ್ಣೆ ಹಾಕದೆ ನಮ್ಮ ಮಣ್ಣಿನಲ್ಲಿ ಒಂದು ಟ್ಯಾಂಕೂ ಓಡಿಸಬೇಡಿ.

ಇನ್ನೊಂದು, ಮಳೆಗಾಲದಲ್ಲಿ ತೆರೆದಿಟ್ಟ ಇಂಧನ. ಮೆಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜೂನಲ್ಲಿ ಅರ್ಧ ಕ್ಯಾನ್ ಇಟ್ಟು ಸೆಪ್ಟೆಂಬರಲ್ಲಿ ತೆಗೆದರೆ ಇಂಜಿನ್ ಏನು ಮಾಡಿದರೂ ಒಂದೇ ಹದಕ್ಕೆ ನಿಲ್ಲುವುದಿಲ್ಲ. ಮುಚ್ಚಳ ಬಿಗಿಯಾಗಿರಲಿ, ಮಕ್ಕಳ ಕೈಗೆ ಸಿಗದಿರಲಿ. ಕಳ್ಳಬಟ್ಟಿ ದುರಂತಗಳಲ್ಲಿ ಜನರ ಕಣ್ಣು, ಜೀವ ತೆಗೆಯುವುದು ಇದೇ ಮೆಥನಾಲ್. ಬೆಂಕಿ ಹಿಡಿದರೆ ಹಗಲು ಬೆಳಕಿಗೆ ಜ್ವಾಲೆ ಕಾಣುವುದೂ ಇಲ್ಲ. ಬಿಸಿ ಹೆಡ್ ಮೇಲೆ ಇಂಧನ ಚೆಲ್ಲುತ್ತಾ ಟ್ಯಾಂಕ್ ತುಂಬಬೇಡಿ.

ಸೆನ್ಸರ್ ಬೇಕಾ ಅಂತ ಕೇಳಿದಿರಿ. ಹೆಡ್ಡಿನ ಫಿನ್‌ಗೆ ಸುತ್ತಿ ಕಟ್ಟುವ ತಂತಿಯ ಸೆನ್ಸರ್, ಅದರ ಲೆಕ್ಕವನ್ನು ರಿಮೋಟಿಗೆ ಕಳಿಸುವ ಟೆಲಿಮೆಟ್ರಿ, ಎಲ್ಲ ಸಿಗುತ್ತದೆ. ಫಿನ್‌ನ ಬುಡದಲ್ಲಿ ಅಳೆಯುವುದರಿಂದ ಅದರ ನಂಬರ್ ಪ್ಲಗ್ಗಿನ ನಂಬರಿಗೆ ಹೊಂದುವುದಿಲ್ಲ, ಸ್ವಲ್ಪ ನಿಧಾನವೂ ಹೌದು. ಆದರೆ ಪ್ರತಿ ಸಲ ಒಂದೇ ಜಾಗ, ಕೈ ಅಲುಗುವ ಪ್ರಶ್ನೆ ಇಲ್ಲ, ಓಡುವಾಗಲೇ ಅಲಾರಂ ಕೂಗುತ್ತದೆ. ನಿಮ್ಮ ರಿಮೋಟಿಗೆ ಹೊಂದುವುದಾದರೆ ಹಾಕಿ, ದುಡ್ಡು ದಂಡ ಅಲ್ಲ. ಮೊದಲ ದಿನ ಗನ್ ಮತ್ತು ಸೆನ್ಸರ್ ಎರಡನ್ನೂ ಅಕ್ಕಪಕ್ಕ ಬರೆದುಕೊಂಡು, ಅದರ ಮೇಲೆ ಅಲಾರಂ ಇಡಿ. ತಂತಿ ಸೈಲೆನ್ಸರಿಗೆ, ಗೇರಿಗೆ ತಾಗದ ಹಾಗೆ ಕಟ್ಟಿ. ಆದರೆ ಈಗಲೇ ಬೇಡ. ಹತ್ತು ಟ್ಯಾಂಕ್ ಹೊಗೆ ನೋಡಿ, ಕಿವಿ ಕೊಟ್ಟು ಓಡಿಸಿದ ಮೇಲೆ ತರಿಸಿ.

ತಣ್ಣಗಿದ್ದರೆ ಒಳ್ಳೆಯದು ಅಂತಲೂ ಇಲ್ಲ. ಇದರ ಪಿಸ್ಟನ್ ಓಡಾಡುವ ಹಿತ್ತಾಳೆ ಕೊಳವೆ, ಅಂದರೆ ಸ್ಲೀವ್, ಮೇಲ್ಭಾಗದಲ್ಲಿ ಬೇಕೆಂದೇ ಕಿರಿದು. ಬಿಸಿಯಾದಾಗ ಅದು ಪಿಸ್ಟನ್ನಿಗಿಂತ ಜಾಸ್ತಿ ಹಿಗ್ಗಿ ಸರಿಯಾದ ಜಾಗ ಬಿಡುತ್ತದೆ. ನಿಜವಾಗಿ 80ರಲ್ಲೇ ಗಂಟೆಗಟ್ಟಲೆ ಓಡಿಸಿದರೆ ಪಿಸ್ಟನ್ ಪ್ರತಿ ಸಲ ಆ ಬಿಗಿ ಜಾಗಕ್ಕೆ ಉಜ್ಜಿ ಸವೆಯುತ್ತದೆ. ಹೊಸ ಇಂಜಿನ್ ಪಳಗಿಸುವಾಗ ರಿಚ್ ಇಟ್ಟು ತೊಂಬತ್ತಕ್ಕೂ ಏರದಿದ್ದರೆ ಫಿನ್ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಬಿಸಿ ಏರಿಸುವುದು ಅದಕ್ಕೇ. ಆಟ ಮುಗಿದು ತಣಿಯಲು ಬಿಡುವಾಗ ಫ್ಲೈವೀಲ್ (ಇಂಜಿನ್ನಿಗೆ ಜೋಡಿಸಿದ ಭಾರದ ಚಕ್ರ) ತಿರುಗಿಸಿ ಪಿಸ್ಟನ್ನನ್ನು ಕೆಳಗೆ ತಂದಿಡಿ. ಮೇಲೆ ಬಿಟ್ಟರೆ ಕುಗ್ಗುವ ಸ್ಲೀವ್ ಅದನ್ನು ಹಿಡಿದುಕೊಳ್ಳುತ್ತದೆ.

ಬಿಸಿ ಇರುವಾಗ ಸ್ಟಾರ್ಟ್ ಆಗುವುದಿಲ್ಲ ಅಂದಿರಲ್ಲ, ಆ ಮಾತು ನನಗೆ ಸ್ವಲ್ಪ ತಲೆಬಿಸಿ ಮಾಡಿದೆ. ಮೊದಲು ಹೊಸ ಗ್ಲೋ ಪ್ಲಗ್ ಹಾಕಿ. ಬಿಗಿ ನೀಡಲಲ್ಲಿ ಓಡಿದ ಹಳೆಯದನ್ನು ನಂಬುವುದು ಬೇಡ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ, ಪ್ಲಗ್ ಹಾಕಿಕೊಂಡೇ, ಫ್ಲೈವೀಲನ್ನು ಹೆಬ್ಬೆರಳಲ್ಲಿ ನಿಧಾನ ತಿರುಗಿಸಿ. ಪಿಸ್ಟನ್ ಮೇಲೆ ಬರುವಾಗ ಬಿಗಿಯಾಗಿ ಹಿಡಿದು, ಬಲ ಹಾಕಿದ ಮೇಲೆ ಟಕ್ ಅಂತ ದಾಟಿದರೆ ಸ್ಲೀವ್ ಇನ್ನೂ ಗಟ್ಟಿ ಇದೆ. ನೀಡಲ್ ಬಿಚ್ಚಿದ್ದೇ ಸಾಕಾಗಬಹುದು. ಏನೂ ಹಿಡಿಯದೆ ಜಾರಿಹೋದರೆ ಪಿಸ್ಟನ್-ಸ್ಲೀವ್ ಜೋಡಿಯನ್ನೇ ಬದಲಿಸಬೇಕು, ನೀಡಲ್ ಯಾವ ಕಡೆ ತಿರುಗಿಸಿದರೂ ಪ್ರಯೋಜನ ಇಲ್ಲ. ತಿರುಗಿಸಿ ನೋಡಿ, ಯಾವುದಾಯಿತು ಅಂತ ಬರೆಯಿರಿ.